ಬೀರುವಿನ ಹಿಂದಿನ ಗೋಡೆ

"ವಾಸನೆ ಗೋಡೆಯಿಂದ ಬರ್ತಾ ಇಲ್ಲ ಸಾರ್... ಇವರಿಂದ ಬರ್ತಿದೆ."

ಅವನು ಬೆರಳು ತೋರಿಸಿದ್ದು ಅವಳ ಕಡೆಗೆ!

ಸಾಬೂನು ಕಾರ್ಖಾನೆಯ ಗೋದಾಮಿನಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಮ್ಯಾನೇಜರ್ ಕೈಯಲ್ಲಿದ್ದ ಫೈಲನ್ನೇ ನೋಡತೊಡಗಿದರು. ಪ್ಯಾಕಿಂಗ್ ವಿಭಾಗದ ಹುಡುಗಿಯರು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿ ಕಿಸಕ್ಕನೆ ನಕ್ಕರು.

ಅಲ್ಲ, ಆ ಪುಣ್ಯಾತ್ಮ ಯಾರಿಗೆ ಹೇಳಿದ ಅಂತ ನಿಮಗೆ ಗೊತ್ತಾಗಬೇಕು. ಅವಳು ಆ ಕಾರ್ಖಾನೆಯ ಮೂಗು! ಸಾಬೂನನ್ನು ಮೂಸಿ ನೋಡಿ ಪಾಸು-ಫೇಲು ಮಾಡುವುದೇ ಅವಳ ಕೆಲಸ. ಗುಲಾಬಿ ಪರಿಮಳ ಒಂದು ಹನಿ ಹೆಚ್ಚಾದರೂ ಇಡೀ ಟ್ರೇ ವಾಪಸ್ಸು. ಅದಕ್ಕಿಂತಲೂ ಹೆಚ್ಚು ಹೆಸರಾಗಿದ್ದು ಅವಳ ಹೇಸಿಗೆ. ಕ್ಯಾಂಟೀನಿನ ಲೋಟ ಕಂಡರೆ ಛೀ, ಬಸ್ಸಿನ ಕಂಬಿ ಮುಟ್ಟಿದರೆ ಛೀ, ಯಾರಾದರೂ ಪಕ್ಕದಲ್ಲಿ ಸೀನಿದರೆ ಎರಡು ಸಲ ಛೀ! ಬೆನ್ನ ಹಿಂದೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ 'ಛೀ ಮೇಡಂ' ಎಂದು.

ಅಂಥವಳಿಗೆ ಈ ಮಾತು!

ಹೇಳಿದವನಾದರೂ ಎಂಥವನು? ತೇವ ಹಿಡಿದ ಗೋಡೆಗಳನ್ನು ರಿಪೇರಿ ಮಾಡುವವನು. ಅಂಗಿಯ ತುಂಬ ಸುಣ್ಣದ ಪುಡಿ, ಉಗುರಿನ ಸಂದಿಯಲ್ಲಿ ಕರ್ರಗೆ ಏನೋ. ಮರದ ಸುತ್ತಿಗೆಯಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ನೀರಿದೆಯೋ ಇಲ್ಲವೋ ಹೇಳುತ್ತಿದ್ದ. ಅದಕ್ಕೇ ಊರವರೆಲ್ಲ ಅವನನ್ನು ತಟ್ಟಪ್ಪ ಅನ್ನುತ್ತಿದ್ದರು. ಗೋದಾಮಿನ ರಟ್ಟಿನ ಡಬ್ಬಗಳಿಗೆ ಬೂಷ್ಟು ಹಿಡಿದಿದೆ, ಗೋಡೆ ನೋಡು ಅಂತ ಮ್ಯಾನೇಜರ್ ಕರೆಸಿದ್ದರು.

"ಗೋಡೆ ಒಣಗಿದೆ ಸಾರ್. ಡಬ್ಬ ಬರುವಾಗಲೇ ಲಾರಿಯಲ್ಲಿ ನೆನೆದಿವೆ. ಆದ್ರೆ ಈ ಮುಗ್ಗಲು ವಾಸನೆ ಇದೆಯಲ್ಲ... ಇದು ಇವರ ಬಟ್ಟೆದು."

"ರೀ! ನಾಲಿಗೆ ಬಿಗಿ ಹಿಡಿದು ಮಾತಾಡಿ!" ಅವಳ ಮುಖ ಕೆಂಡವಾಗಿತ್ತು. "ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡೋಳು. ನಿಮ್ಮ ಉಗುರು ನೋಡ್ಕೊಳ್ಳಿ ಮೊದಲು... ಥೂ!"

ಅವನು ಉಗುರು ನೋಡಿಕೊಂಡ. ನಿಜಕ್ಕೂ ನೋಡಿಕೊಂಡ! ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳದ ಹಾಗೆ ಮೆಲ್ಲಗೆ ಕೇಳಿದ.

"ಮನೇಲಿ ಯಾರಿಗಾದ್ರೂ ಕೆಮ್ಮು ಇದೆಯಾ?"

ಅವಳ ಬಾಯಿಗೆ ಬಂದಿದ್ದ ಬೈಗುಳ ಗಂಟಲಲ್ಲೇ ಉಳಿಯಿತು.

ಏಕೆಂದರೆ... ಇತ್ತು.

*

ಎಂಟು ತಿಂಗಳಿಂದ ಅವಳ ಅಮ್ಮ ಕೆಮ್ಮುತ್ತಿದ್ದಳು.

ಒಂದು ಕಾಲಕ್ಕೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಕಟ್ಟೆಗೆ ಬರುತ್ತದೆ ಅಂತ ಇಡೀ ಊರಿಗೆ ಕೇಳುವ ಹಾಗೆ ಹೇಳುತ್ತಿದ್ದ ಗಟ್ಟಿಗಿತ್ತಿ ಅವಳು. ಈಗ ನಾಲ್ಕು ಮಾತಿಗೆ ಒಂದು ಸಲ ನಿಲ್ಲಬೇಕು. ಎದೆಯೊಳಗೆ ಸುಯ್ ಸುಯ್. ಮಲಗಿದರೆ ಉಸಿರು ಕಟ್ಟುತ್ತದೆಂದು ನಾಲ್ಕು ದಿಂಬಿಗೆ ಒರಗಿ ಕೂತೇ ನಿದ್ದೆ. ಮೂವರು ಡಾಕ್ಟರು ಬದಲಾದರು. ಒಬ್ಬರು ಉಬ್ಬಸ ಅಂದರು, ಒಬ್ಬರು ವಯಸ್ಸು ಅಂದರು. ಮೂರನೆಯವರು ಇನ್ಹೇಲರ್ ಬರೆದುಕೊಟ್ಟು, "ಧೂಳು ಆಗಲ್ಲ ಇವರಿಗೆ, ಹುಷಾರು" ಅಂದರು.

ಧೂಳು ಆಗಲ್ಲ! ಇಷ್ಟು ಸಾಕಾಗಿತ್ತು ನಮ್ಮ ಛೀ ಮೇಡಂಗೆ. ಮೊದಲೇ ಹೇಸಿಗೆಯ ಮನುಷ್ಯಳು. ಅಮ್ಮನ ಕೋಣೆಯ ಎರಡೂ ಕಿಟಕಿಗಳನ್ನು ಮುಚ್ಚಿ, ಕಾರ್ಖಾನೆಯಿಂದ ತಂದ ಪ್ಯಾಕಿಂಗ್ ಟೇಪನ್ನು ಸುತ್ತಲೂ ಮೂರು ಸುತ್ತು ಅಂಟಿಸಿದಳು. ಹೊರಗೆ ಒಣಹಾಕಿದರೆ ಬಟ್ಟೆಗೆ ಧೂಳು ಕೂರುತ್ತದೆಂದು ಕೋಣೆಯೊಳಗೇ ಹಗ್ಗ ಕಟ್ಟಿದಳು. ಅಮ್ಮನ ಎದೆ ಸಡಿಲವಾಗಲಿ ಅಂತ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೆಟಲಿನಲ್ಲಿ ನೀರು ಕುದಿಸಿ ಕೋಣೆ ತುಂಬ ಹಬೆ ಮಾಡಿದಳು. ಫೇಲಾದ ಗುಲಾಬಿ ಸಾಬೂನುಗಳನ್ನು ಬೀರುವಿನಲ್ಲಿ, ಮಂಚದ ಕೆಳಗೆ, ದಿಂಬಿನ ಪಕ್ಕ ಸಾಲಾಗಿ ಜೋಡಿಸಿದಳು.

ಮಗಳೆಂದರೆ ಹೀಗಿರಬೇಕು ಅಂತ ನೋಡಿದವರೆಲ್ಲ ಹೊಗಳುತ್ತಿದ್ದರು.

ಅವತ್ತು ಕಾರ್ಖಾನೆಯಿಂದ ಮನೆಗೆ ಬಂದವಳೇ ತನ್ನ ಶಾಲನ್ನು ಮೂಗಿಗೊತ್ತಿ ಎಳೆದಳು. ಗುಲಾಬಿ! ಬರೀ ಗುಲಾಬಿ. ಆ ಕೊಳಕ ಏನೋ ಬಾಯಿಗೆ ಬಂದಿದ್ದು ಬೊಗಳಿದ್ದಾನೆ...

"ಯಾಕೇ... ಮುಖ ಊದಿಸ್ಕೊಂಡಿದೀಯ?" ಅಮ್ಮ ದಿಂಬಿಗೊರಗಿ ಕೇಳಿದಳು.

ನಡೆದದ್ದನ್ನೆಲ್ಲ ಮಗಳು ಹೇಳಿದಳು. ಅಮ್ಮ ನಗಲು ಹೋಗಿ ಕೆಮ್ಮಿನಲ್ಲಿ ಸಿಕ್ಕಿಕೊಂಡಳು. ಐದು ನಿಮಿಷ ಕೆಮ್ಮಿದಳು. ಕಣ್ಣಲ್ಲಿ ನೀರು, ಕತ್ತಿನ ನರಗಳೆಲ್ಲ ಎದ್ದು ನಿಂತವು. ಕೊನೆಗೆ ಬಟ್ಟಲಿಗೆ ಉಗುಳಿ, ಒರೆಸಿಕೊಂಡು, "ಪರವಾಗಿಲ್ಲ ಬಿಡು... ನಿನ್ನನ್ನ ಮೂಸಿ ನೋಡೋ ಗಂಡಸೂ... ಒಬ್ಬ ಸಿಕ್ಕಿದ" ಅಂದಳು.

"ಥೂ, ಏನಮ್ಮಾ ನೀನು!"

ಆದರೆ ಆ ಕೆಮ್ಮಿನ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅವನಿಗೆ ಹೇಗೆ ಗೊತ್ತಾಯಿತು?

ಮಾರನೆಯ ದಿನ ಪ್ಯಾಕಿಂಗ್ ವಿಭಾಗದ ಹಿರಿಯಕ್ಕನನ್ನು ಮೂಲೆಗೆ ಕರೆದು ಶಾಲು ಮುಂದೆ ಹಿಡಿದಳು. "ಅಕ್ಕಾ, ಮೂಸಿ ನೋಡಿ ನಿಜ ಹೇಳಿ."

ಅಕ್ಕ ಹಿಂದೆ ಮುಂದೆ ನೋಡಿದಳು. "ಬೇಜಾರು ಮಾಡ್ಕೋಬೇಡ ಕಣೇ... ಗುಲಾಬಿ ಜೊತೆ ಹಳೇ ಗೋಣಿಚೀಲ ನೆನೆಸಿಟ್ಟ ಹಾಗೆ ಒಂದು ನಾತ. ಮೂರ್ನಾಲ್ಕು ತಿಂಗಳಿಂದ ಇದೆ. ನಿನಗೆ ಹೇಳೋ ಧೈರ್ಯ ಯಾರಿಗಿದೆ ಹೇಳು?"

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರ್ನಾಲ್ಕು ತಿಂಗಳು! ಆ ವಾಸನೆಯ ಮಧ್ಯೆಯೇ ಉಂಡು ಮಲಗಿ ಅವಳ ಮೂಗಿಗೆ ಅದು ವಾಸನೆಯೇ ಅಲ್ಲವಾಗಿತ್ತು. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಮರ್ಯಾದೆ ನುಂಗಿಕೊಂಡು ಅವನಿಗೆ ಫೋನು ಮಾಡಿದಳು.

*

ಅವನು ಬಂದ. ಕಾಲೊರೆಸಿಕೊಂಡು ಒಳಗೆ ಬಂದ. ಅದನ್ನು ಅವಳು ಗಮನಿಸಿದಳು. ಅಮ್ಮನಿಗೆ ನಮಸ್ಕಾರ ಹೇಳಿದ. ಕೋಣೆಯ ಟೇಪು, ಹಗ್ಗದ ಮೇಲಿನ ಒದ್ದೆ ಬಟ್ಟೆ, ಕೆಟಲು ಎಲ್ಲದರ ಮೇಲೂ ಕಣ್ಣಾಡಿಸಿ, ಹೊರಗೋಡೆಗೆ ಒತ್ತಿ ನಿಲ್ಲಿಸಿದ್ದ ದೊಡ್ಡ ಮರದ ಬೀರುವಿನ ಮುಂದೆ ನಿಂತ.

"ಇದನ್ನ ಕೊನೇ ಸಲ ಸರಿಸಿದ್ದು ಯಾವಾಗ?"

"ಸರಿಸಿಲ್ಲ. ಯಾಕೆ ಸರಿಸ್ಬೇಕು? ಮುಂದೆ ದಿನಾ ಒರೆಸ್ತೀನಿ."

"ಅಮ್ಮನ್ನ ಹೊರಗೆ ಕೂರಿಸಿ ಬನ್ನಿ. ನೀವು ಮೂಗಿಗೆ ಬಟ್ಟೆ ಕಟ್ಕೊಳ್ಳಿ."

ಇಬ್ಬರೂ ಸೇರಿ ಬೀರು ಎಳೆದರು. ಅದು ಗೋಡೆಗೆ ಅಂಟಿಕೊಂಡಿತ್ತು. ಎರಡನೇ ಸಲ ಜಗ್ಗಿದಾಗ ಚರ್ಮ ಸುಲಿದ ಹಾಗೆ ಪರ್ರನೆ ಬಿಟ್ಟುಕೊಂಡಿತು.

ದೇವರೇ...

ನೆಲದಿಂದ ಎದೆಯೆತ್ತರದವರೆಗೆ ಗೋಡೆ ಕರ್ರಗಿತ್ತು. ಬರೀ ಕಪ್ಪಲ್ಲ, ಕೂದಲು ಬಂದ ಕಪ್ಪು! ಕೆಲವು ಕಡೆ ಹಸಿರು, ಕೆಲವು ಕಡೆ ಕೀವಿನಂಥ ಹಳದಿ. ಮಧ್ಯೆ ಮಧ್ಯೆ ಬಣ್ಣ ಗುಳ್ಳೆಯೆದ್ದು ಒಡೆದು ಒಳಗಿಂದ ಲೋಳೆ ಇಳಿದಿತ್ತು. ಬೀರುವಿನ ಬೆನ್ನುಹಲಗೆ ಊದಿಕೊಂಡು ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಅದರ ಮೇಲೆ ಬಿಳೀ ಹುಳುಗಳು ಹರಿದಾಡುತ್ತಿದ್ದವು. ಬೀರುವಿನೊಳಗೆ, ಗುಲಾಬಿ ಸಾಬೂನಿನ ಸಾಲಿನ ಹಿಂದೆ, ಅಮ್ಮ ಚಳಿ ಬಿದ್ದಾಗೆಲ್ಲ ಹೊದೆಯುವ ಕಂಬಳಿ. ಅವಳು ಅದನ್ನು ಎಳೆದಳು. ಬೆರಳುಗಳು ಅದರೊಳಗೆ ಮೆತ್ತಗೆ ಇಳಿದವು. ಅಡಿಯ ಮಡಿಕೆಯಲ್ಲಿ ಬೂದಿಬಣ್ಣದ ತುಪ್ಪಳ.

ಇದನ್ನು ಹೊದ್ದು ಮಲಗುತ್ತಿದ್ದಳು ಅಮ್ಮ! ಇದರ ಪುಡಿಯನ್ನು ಎಷ್ಟೋ ತಿಂಗಳು ಒಳಗೆಳೆದುಕೊಂಡಿದ್ದಳು!

ಅವಳು ಮೂಗಿನ ಬಟ್ಟೆ ಕಿತ್ತೆಸೆದಳು. ಬಚ್ಚಲಿಗೆ ಓಡುವಷ್ಟೂ ಪುರಸೊತ್ತಾಗಲಿಲ್ಲ. ಅವನು ತನ್ನ ಸಾಮಾನಿನ ಬಕೆಟ್ಟನ್ನು ಫಕ್ಕನೆ ಮುಂದೆ ಹಿಡಿದ. ಅವಳು ಕಾರಿಕೊಂಡಳು. ಕಾರಿಕೊಂಡಷ್ಟು ಹೊತ್ತೂ ಅವನು ಬಕೆಟ್ಟು ಹಿಡಿದೇ ನಿಂತಿದ್ದ, ಮುಖ ತಿರುಗಿಸಲಿಲ್ಲ.

ಯಾರದಾದರೂ ವಾಂತಿ ಕಂಡರೆ ನಾನಾಗಿದ್ದರೆ ಮೂರು ಮೈಲಿ ಓಡುತ್ತಿದ್ದೆ... ಇವನಿಗೆ ಹೇಸಿಗೆಯೇ ಇಲ್ಲವಾ?

"ನೀರು ಕುಡೀರಿ," ಅಂದ. "ನಾನೂ ಮೊದಲನೇ ಗೋಡೆ ನೋಡಿದಾಗ ಹೀಗೇ ಮಾಡಿದ್ದೆ. ಅದೂ ಮನೆ ಯಜಮಾನರ ಚಪ್ಪಲಿ ಮೇಲೆ."

ಅಳುವಿನ ಮಧ್ಯೆ ಅವಳಿಗೆ ನಗು ಬಂತು. ಅದು ಅವಳಿಗೇ ಆಶ್ಚರ್ಯ.

ಅವನು ಗೋಡೆಯ ಒಂದು ಭಾಗವನ್ನು ಒರೆಸಿ ಒಣಗಿಸಿ, ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿದ. "ನೀರು ಎಲ್ಲಿಂದ ಬರ್ತಿದೆ ಅಂತ ನಾಳೆ ಇದು ಹೇಳುತ್ತೆ. ಅಮ್ಮನ್ನ ಇವತ್ತೇ ಬೇರೆ ಕಡೆ ಕಳಿಸಿ."

ಅಮ್ಮ ಚಿಕ್ಕಮ್ಮನ ಮನೆಗೆ ಹೋದಳು. ಖಾಲಿ ಕೋಣೆಯಲ್ಲಿ ಅವಳು ರೂಢಿಯಂತೆ ಹಗ್ಗಕ್ಕೆ ಒದ್ದೆ ಬಟ್ಟೆ ಹಾಕುವುದನ್ನೂ, ಬೆಳಿಗ್ಗೆ ಕೆಟಲು ಕುದಿಸುವುದನ್ನೂ ತಪ್ಪಿಸದೆ, ಸಾಮಾನು ತೊಳೆಯುತ್ತ ಕೂತಳು.

ಬೆಳಿಗ್ಗೆ ಅವನು ಬಂದಾಗ ಅವಳು ಮೊಣಕಾಲೂರಿ ನೆಲ ಉಜ್ಜುತ್ತಿದ್ದಳು. ಕಣ್ಣು ಊದಿತ್ತು. "ಹೇಳಿ, ಯಾರಿಂದ ಆಯ್ತು ಇದು? ನಮ್ಮಮ್ಮನ್ನ ಈ ಗತಿಗೆ ತಂದವರು ಯಾರೇ ಆಗಿರ್ಲಿ, ಅವರನ್ನ ಈ ಜನ್ಮದಲ್ಲಿ ಕ್ಷಮಿಸಲ್ಲ ನಾನು. ಅಂಥವರ ಕೈಗೆ ಹುಳ ಬೀಳ್ಬೇಕು!"

ಅವನು ಹಾಳೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಹಾಳೆಯನ್ನು ನೋಡಿ, ಕಿತ್ತು, ಮುದ್ದೆ ಮಾಡಿ ಜೇಬಿಗೆ ತುರುಕಿಕೊಂಡ.

"ಮೇಲಿನ ಮನೆ ಬಚ್ಚಲ ಪೈಪು," ಅಂದ. "ನೀವು ಜಗಳಕ್ಕೆ ಹೋಗ್ಬೇಡಿ. ನಾನು ಸರಿ ಮಾಡಿಸ್ತೀನಿ."

*

ಮುಂದಿನ ಹತ್ತು ದಿನ ಅವಳು ಅರ್ಧ ದಿನದ ರಜೆ ಹಾಕಿ ಅವನ ಜೊತೆ ಕೆಲಸಕ್ಕೆ ನಿಂತಳು. ಹೇಸಿಗೆಯನ್ನು ಹಲ್ಲು ಕಚ್ಚಿ ನುಂಗಿದಳು.

"ಒಣ ಬ್ರಶ್ಶು ಹಾಕ್ಬೇಡಿ! ಪುಡಿ ಎಲ್ಲ ಗಾಳಿಗೆ ಹಾರಿ ಎದೆಗಿಳಿಯುತ್ತೆ. ಮೊದಲು ಒದ್ದೆ ಮಾಡಿ. ಮಾಸ್ಕು ಮೇಲಕ್ಕೆ ಎಳ್ಕೊಳ್ಳಿ... ಇನ್ನೂ ಮೇಲೆ..."

"ಛೀ, ಬೆರಳಿಗೆ ಹತ್ತಿತು!"

"ಗ್ಲೌಸಿಗೆ ಹತ್ತಿದ್ದು ಮೇಡಂ, ಬೆರಳಿಗಲ್ಲ. ಕಿರುಚ್ಬೇಡಿ."

ಬೀರು, ಹಾಸಿಗೆ, ಕಂಬಳಿ ಎಲ್ಲ ಕವರು ಕಟ್ಟಿ ಹೊರಗೆ ಹೋದವು. ಗೋಡೆಯ ಹಳೇ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆರೆದರು. ಅವನು ಮಾತು ಕಡಿಮೆ. ಆದರೆ ಊಟದ ಹೊತ್ತಿಗೆ ಮೂರು ಸಲ ಸೋಪು ಹಾಕಿ ಕೈ ತೊಳೆದು, ಉಗುರು ಕತ್ತರಿಸಿಕೊಂಡು ಬಂದು, "ನೋಡಿ, ಪಾಸಾ ಫೇಲಾ?" ಅಂತ ಎರಡೂ ಕೈ ಚಾಚಿ ನಿಲ್ಲುತ್ತಿದ್ದ. ಮೊದಲ ದಿನ ಫೇಲು ಮಾಡಿದಳು. ಮೂರನೆಯ ದಿನ ಪಾಸು ಮಾಡಿದಳು. ಆರನೆಯ ದಿನ ಆ ಕೈಯನ್ನು ಹಿಡಿದು, ತಿರುಗಿಸಿ ನೋಡುವ ನೆಪದಲ್ಲಿ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಳು.

ಅಯ್ಯೋ, ಇದೇನಿದು... ಈ ಕೊಳಕನ ಕೈ ಬಿಡೋಕೆ ಮನಸ್ಸೇ ಬರ್ತಿಲ್ಲವಲ್ಲ!

ಹೊಸ ಗಾರೆ ಹಾಕಿ, ಹೊಸ ಬಣ್ಣ ಬಳಿದ ಮೇಲೆ ಅವನು ತಲೆ ತಗ್ಗಿಸಿಕೊಂಡು ಹೇಳಿದ. "ಈ ಬಣ್ಣಕ್ಕೆ ಗಾಳಿ ಬೇಕು. ಒಂದು ತಿಂಗಳು ಕಿಟಕಿ ತೆಗೆದೇ ಇಡಿ. ಒಳಗೆ ಹಬೆ, ಒದ್ದೆ ಬಟ್ಟೆ ಬೇಡ. ಬಣ್ಣ ಎದ್ದು ಬರುತ್ತೆ."

ಅಮ್ಮ ವಾಪಸ್ಸು ಬಂದಳು. ತೆರೆದ ಕಿಟಕಿಯ ಪಕ್ಕ ಕೂತು, ಒಂದೇ ಉಸಿರಿಗೆ ಎಂಟು ಮಾತಾಡಿದಳು. ಕೆಮ್ಮು ಅರ್ಧಕ್ಕರ್ಧ ಇಳಿದಿತ್ತು. ಅವನು ಹೋಗುವಾಗ ಮಗಳು ಬಾಗಿಲವರೆಗೂ ಹೋದಳು. ಅವನು ಸುಮ್ಮನೆ ಬಾಗಿಲ ಚೌಕಟ್ಟು ತಟ್ಟಿ ನೋಡಿದ. ಇಬ್ಬರೂ ದಡ್ಡರ ಹಾಗೆ ನಿಂತು ನಕ್ಕರು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

*

ಜಗಳಕ್ಕೆ ಹೋಗಬೇಡಿ ಅಂದರೆ ಹೋಗದಿರುವ ಜಾಯಮಾನವಾ ಅವಳದು? ವಾರ ಕಳೆಯುವಷ್ಟರಲ್ಲಿ ಮೇಲಿನ ಮನೆಯ ಬಾಗಿಲು ಬಡಿದಳು. ಅಲ್ಲಿದ್ದವರು ನಿವೃತ್ತ ಗಣಿತದ ಮೇಷ್ಟ್ರು.

"ನಿಮ್ಮ ಬಚ್ಚಲ ನೀರಿನಿಂದ ನಮ್ಮಮ್ಮ ಸಾಯೋ ಸ್ಥಿತಿಗೆ ಬಂದ್ಲು! ಥೂ, ನಿಮಗೆಲ್ಲ ಮನುಷ್ಯತ್ವ ಇದೆಯಾ?"

ಮೇಷ್ಟ್ರಿಗೆ ಲೆಕ್ಕ ತಪ್ಪಿದರೆ ತಡೆಯುವುದಿಲ್ಲ. ಅಂದೇ ಪ್ಲಂಬರ್ ಕರೆಸಿ, ಬಚ್ಚಲ ಟೈಲ್ಸು ಒಡೆಸಿ, ಪೈಪು ಬಿಚ್ಚಿಸಿ, ಅವಳನ್ನೇ ಕರೆದು ತೋರಿಸಿದರು. ಎಲ್ಲ ಒಣ ಒಣ. ಒಂದು ಹನಿ ಇಲ್ಲ, ಯಾರೂ ರಿಪೇರಿ ಮಾಡಿದ ಗುರುತೂ ಇಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಬಂದಿದೀಯಲ್ಲಮ್ಮ! ನಿನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೆಯ ನೊಣ ಹುಡುಕ್ತೀಯ?"

ನಾಲ್ಕು ಮನೆಯವರು ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ ಕ್ಷಮೆ ಕೇಳಿ ಇಳಿದು ಬಂದಳು. ಬಂದವಳೇ ಅವನನ್ನು ಕರೆಸಿದಳು.

"ಪೈಪು ಸೋರಿಯೇ ಇಲ್ಲ. ಸುಳ್ಳು ಹೇಳಿದ್ರಾ?"

ಅವನು ಅಮ್ಮ ಇದ್ದ ಕೋಣೆಯ ಕಡೆ ನೋಡಿದ. ನೆಲ ನೋಡಿದ. "...ಹೌದು."

"ಯಾಕೆ?"

ಅವನ ಕಣ್ಣು ತೆರೆದ ಕಿಟಕಿಯ ಕಡೆ ಹೋಯಿತು.

"ಕೆಲಸ ಗಿಟ್ಟಿಸ್ಕೊಳ್ಳೋಕೆ ಅಲ್ವಾ? ಒಂದು ಗೋಡೆ ಕೆಡವಿ ಇನ್ನೊಂದು ಕಟ್ಟೋಕೆ! ನಾನು ನಿಮ್ಮನ್ನ... ಛೀ!" ಅವಳು ಬಾಗಿಲು ತೋರಿಸಿದಳು. "ಆ ಗೋಡೆ ಮೇಲಿನ ಬೂಷ್ಟಿಗಿಂತ ನೀವೇ ಅಸಹ್ಯ. ಹೋಗಿ. ಮತ್ತೆ ಮುಖ ತೋರಿಸ್ಬೇಡಿ."

ಅವನು ಹೋದ. ಒಂದೇ ಒಂದು ಮಾತಾಡಿದ. "ಕಿಟಕಿ ಮಾತ್ರ ಮುಚ್ಚಬೇಡಿ, ದಯವಿಟ್ಟು."

ಸುಳ್ಳುಗಾರ ಹೇಳಿದ ಮಾತನ್ನು ಯಾರು ಕೇಳುತ್ತಾರೆ? ಅವನು ಬಾಗಿಲು ದಾಟುವಷ್ಟರಲ್ಲಿ ಅವಳು ಕಿಟಕಿ ಮುಚ್ಚಿದಳು. ಟೇಪು ಮೂರು ಸುತ್ತಿದ್ದದ್ದು ಐದಾಯಿತು. ಕೆಟಲು ದಿನಕ್ಕೆ ಮೂರು ಸಲ ಕುದಿಯಿತು. ಹಗ್ಗದ ಮೇಲೆ ಬಟ್ಟೆ ತೂಗಿದವು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಅವಳ ಪ್ರೀತಿ ಆ ದಾರಿ ಹಿಡಿಯಿತು.

ಮೂರನೆಯ ವಾರ ಒಂದು ಬೆಳಿಗ್ಗೆ ಅಮ್ಮನ ತುಟಿ ನೀಲಿಯಾಗಿತ್ತು.

*

ಆಸ್ಪತ್ರೆಯಲ್ಲಿ ಅಮ್ಮನ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದರು. "ಇನ್ನರ್ಧ ಗಂಟೆ ತಡವಾಗಿದ್ರೆ ಕಷ್ಟ ಇತ್ತು," ಅಂದರು ಡಾಕ್ಟರು.

ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿ ಅವಳು ಬಟ್ಟೆ ತರಲು ಮನೆಗೆ ಓಡಿದಳು. ಅವಸರದಲ್ಲಿ ಕೆಟಲು ಆರಿಸಿರಲಿಲ್ಲವೇನೋ, ನೀರು ತೀರುವವರೆಗೂ ಕುದಿದು ಕೋಣೆಯೆಲ್ಲ ಮಂಜಾಗಿತ್ತು. ಅವಳು ಹಳೇ ಬೀರುವಿನ ಜಾಗದಲ್ಲಿಟ್ಟ ಹೊಸ ಕಪಾಟಿನ ಬಾಗಿಲು ತೆಗೆಯಲು ಗೋಡೆಗೆ ಕೈ ಊರಿದಳು.

ಕೈ ಜಾರಿತು.

ಗೋಡೆ ಬೆವರುತ್ತಿತ್ತು! ಹೊಸ ಬಣ್ಣದ ಮೇಲೆ ಸಣ್ಣ ಸಣ್ಣ ಹನಿ, ಒಂದಕ್ಕೊಂದು ಸೇರಿ ಗೆರೆಯಾಗಿ ಕೆಳಗಿಳಿಯುತ್ತಿದ್ದವು. ಕಪಾಟನ್ನು ಒಬ್ಬಳೇ ಜಗ್ಗಿ ಸರಿಸಿದಳು. ಹಿಂದೆ, ಮೂಲೆಯಲ್ಲಿ, ಕಪ್ಪು ಚುಕ್ಕೆಗಳು. ಅವನು ಇಟ್ಟಿಗೆ ಕಾಣುವವರೆಗೆ ಕೆರೆದಿದ್ದ ಜಾಗದಲ್ಲೇ ಮತ್ತೆ ಕೂದಲು ಬಂದಿತ್ತು.

ಮೇಲಿನಿಂದ ಅಲ್ಲ. ಹೊರಗಿನಿಂದ ಅಲ್ಲ. ಅವಳು ಕೆಟಲು ನೋಡಿದಳು. ಹಗ್ಗದ ಬಟ್ಟೆ ನೋಡಿದಳು. ಕಿಟಕಿಯ ಟೇಪು ನೋಡಿದಳು. ಕೊನೆಗೆ ತನ್ನ ಕೈ ನೋಡಿಕೊಂಡಳು. ಒದ್ದೆ ಕೈ, ಅಂಗೈಯಲ್ಲಿ ಕಪ್ಪು ಮಸಿ.

ನಾನೇ... ನಾನೇ ಹಾಕಿ ಬೆಳೆಸಿದ್ದು. ನೀರು ಹಾಕಿ, ಬಾಗಿಲು ಮುಚ್ಚಿ, ಮಗು ಸಾಕಿದ ಹಾಗೆ!

ಜಗತ್ತಿನ ಎಲ್ಲ ಕೊಳಕಿಗೂ ಛೀ ಅಂದವಳಿಗೆ ತನ್ನ ಕೈ ಕಂಡಷ್ಟು ಹೇಸಿಗೆ ಯಾವುದನ್ನು ಕಂಡರೂ ಆಗಿರಲಿಲ್ಲ. ನಲ್ಲಿಯ ಕೆಳಗೆ ಹಿಡಿದು ಉಜ್ಜಿದಳು. ಮಸಿ ಹೋಯಿತು. ಆಮೇಲೂ ಉಜ್ಜಿದಳು.

*

ಅವನು ಒಂದು ಶಾಲೆಯ ನೆಲಮಾಳಿಗೆಯಲ್ಲಿ ಗೋಡೆ ಕೆರೆಯುತ್ತಿದ್ದ. ಅವಳು ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ನೇರ ಒಳಗೆ ನುಗ್ಗಿದಳು.

"ಆ ಪ್ಲಾಸ್ಟಿಕ್ ಹಾಳೆಯಲ್ಲಿ ಏನಿತ್ತು? ಈಗ ಹೇಳಿ."

ಅವನು ಸುತ್ತಿಗೆ ಕೆಳಗಿಟ್ಟ. "ನೀರು ಗೋಡೆಯೊಳಗಿಂದ ಬರ್ತಿದ್ರೆ ಹಾಳೆಯ ಹಿಂದೆ ಹನಿ ಇರುತ್ತೆ. ಹನಿ ಇದ್ದದ್ದು ಮುಂದೆ. ಕೋಣೆ ಕಡೆ. ಹಬೆ, ಬಟ್ಟೆಯ ತೇವ... ಹೊರಗೆ ಹೋಗೋಕೆ ದಾರಿ ಇಲ್ಲ. ತಣ್ಣಗಿರೋ ಗೋಡೆ ಮೇಲೆ ಕೂರುತ್ತೆ."

"ಗೊತ್ತಿದ್ದೂ ಪೈಪು ಅಂದ್ರಿ!"

"ನೀವು ಆವಾಗ ಏನು ಹೇಳ್ತಿದ್ರಿ ನೆನಪಿದೆಯಾ? ಮಾಡಿದವರ ಕೈಗೆ ಹುಳ ಬೀಳಲಿ ಅಂತ... ಆ ಕೈಯಲ್ಲೇ ನೆಲ ಉಜ್ಜುತ್ತಿದ್ರಿ." ಅವನ ದನಿ ಇಳಿಯಿತು. "ನಮ್ಮಕ್ಕನಿಗೂ ಇದೇ ಉಬ್ಬಸ. ನಮ್ಮಮ್ಮ ಒಂದೇ ಕೋಣೆಯಲ್ಲಿ ಮೂರು ಮನೆ ಬಟ್ಟೆ ಒಗೆದು ಒಣಗಿಸ್ತಿದ್ಲು, ನಮ್ಮನ್ನ ಸಾಕೋಕೆ. ಒಬ್ಬ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಅಂದ್ರು, ನಿನ್ನಿಂದಲೇ ನಿನ್ನ ಮಗಳು ಹೀಗಾಗಿದ್ದು ಅಂತ. ಆಮೇಲೆ ಅಮ್ಮ ನಮ್ಮಕ್ಕನ ಮುಖ ಎತ್ತಿ ನೋಡ್ಲೇ ಇಲ್ಲ. ನಿಮಗೂ ಹಾಗೆ ಆಗ್ಬಾರ್ದು ಅಂತ... ಬಣ್ಣದ ನೆಪ ಹೇಳಿದೆ. ಕಿಟಕಿ ತೆರೆದ್ರೆ ಸಾಕು, ನಿಜ ಯಾಕೆ ಬೇಕು ಅಂದ್ಕೊಂಡೆ."

"ಕಾರ್ಖಾನೆಯಲ್ಲಿ ಎಲ್ಲರ ಮುಂದೆ ನನ್ನ ಮೈ ನಾರುತ್ತೆ ಅಂದವರು ನೀವು! ಆವತ್ತಿನ ಧೈರ್ಯ ಎಲ್ಲಿ ಹೋಗಿತ್ತು?"

"ಆವತ್ತು ನಿಮ್ಮ ಮೇಲೆ ಪ್ರೀತಿ ಇರಲಿಲ್ಲ."

ನೆಲಮಾಳಿಗೆಯಲ್ಲಿ ಎಲ್ಲೋ ಒಂದು ಹನಿ ತೊಟ್ಟಿಕ್ಕಿತು.

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಕರಗಿ ನೀರಾಗುತ್ತಿದ್ದಳು. ಇವತ್ತು ಅವಳ ಕಣ್ಣು ಉರಿದವು.

"ನಿಮ್ಮ ಪ್ರೀತಿಗೆ ನಮ್ಮಮ್ಮ ಆಕ್ಸಿಜನ್ ಹಾಕ್ಕೊಂಡು ಮಲಗಿದ್ದಾಳೆ ಕಣ್ರೀ! ನನ್ನ ಪ್ರೀತಿ ಅವಳ ಉಸಿರು ಕಟ್ಟಿಸ್ತು, ನಿಮ್ಮ ಪ್ರೀತಿ ಅದನ್ನ ಮುಚ್ಚಿಡ್ತು. ಇಬ್ಬರದೂ ಒಂದೇ ಜಾತಿಯ ಕೊಳಕು!"

ಅವನ ಮುಖದ ಬಣ್ಣವೇ ಹೋಯಿತು. ಗೋಡೆಗೆ ಕೈ ಊರಿ ನಿಂತ. "ಆಸ್ಪತ್ರೆ ಯಾವುದು?"

"ಅದು ಆಮೇಲೆ. ಮೊದಲು ಕೋಣೆ. ಅವಳು ಬರೋಷ್ಟರಲ್ಲಿ ಅಲ್ಲಿ ಗಾಳಿ ಇರ್ಬೇಕು. ನಡೀರಿ."

*

ಅವನು ಮಾತೆತ್ತದೆ ದುಡಿದ. ಗೋಡೆ ಮತ್ತೆ ಕೆರೆದ. ಅವಳು ತನ್ನ ಕೈಯಿಂದಲೇ ಐದು ಸುತ್ತು ಟೇಪನ್ನೂ ಕಿತ್ತಳು, ಹಗ್ಗ ಕತ್ತರಿಸಿದಳು, ಕೆಟಲನ್ನು ಅಡುಗೆಮನೆಗೆ ಗಡೀಪಾರು ಮಾಡಿದಳು. ಹೊಸ ಕಪಾಟು ಗೋಡೆಯಿಂದ ಒಂದು ಗೇಣು ದೂರ ನಿಂತಿತು. ಮೇಷ್ಟ್ರ ಬಚ್ಚಲ ಟೈಲ್ಸನ್ನು ಅವನೇ ಹೋಗಿ ಕೂರಿಸಿ ಬಂದ. ಆ ದಿನಗಳಲ್ಲಿ ಅವಳು ಅವನೊಡನೆ ಆಡಿದ್ದು ಎರಡೇ ಮಾತು, "ಹೂಂ" ಮತ್ತು "ಊಹೂಂ".

ಅಮ್ಮ ಮನೆಗೆ ಬಂದಳು. ಬಂದ ದಿನವೇ ಮಗಳು ಅವಳ ಕಾಲ ಬಳಿ ಕೂತು ಎಲ್ಲ ಹೇಳಿದಳು.

ಅಮ್ಮ ಮಗಳ ತಲೆ ಸವರಿದಳು. "ಕಿಟಕಿ ತೆಗೀ ಅಂತ ನಾನೂ ಹೇಳ್ಬಹುದಿತ್ತು," ಅಂದಳು. "ನಿನ್ನ ಹೇಸಿಗೆಗೆ ಹೆದರಿ ಸುಮ್ಮನಿದ್ದೆ. ಮುಖ ತೊಳ್ಕೋ ಹೋಗು."

ಮತ್ತೂ ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಅವನು ಬಚ್ಚಲಿಗೆ ಗಾಳಿ ಎಳೆಯುವ ಫ್ಯಾನು ಕೂರಿಸಲು ಬಂದಿದ್ದ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು.

ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

ಅಮ್ಮನ ಕೋಣೆಯಿಂದ ಸದ್ದೇ ಇಲ್ಲ!

ಇಷ್ಟು ತಿಂಗಳೂ ಕೆಮ್ಮು ಕೇಳಿಸಿದರೆ ಅಮ್ಮ ಇದ್ದಾಳೆ ಅಂತ ಲೆಕ್ಕ. ಈಗ ಏನೂ ಇಲ್ಲ... ಸುಯ್ ಎನ್ನುವ ಸದ್ದೂ ಇಲ್ಲ. ಕೈಯಲ್ಲಿದ್ದ ತಟ್ಟೆ ಎಲ್ಲಿಟ್ಟಳೋ ಗೊತ್ತಿಲ್ಲ, ಓಡಿದಳು.

ಅಮ್ಮ ಮಲಗಿದ್ದಳು. ಕೂತಲ್ಲ, ಒರಗಿ ಅಲ್ಲ, ಒಂದೇ ದಿಂಬಿನ ಮೇಲೆ ತಲೆಯಿಟ್ಟು, ಮಗ್ಗುಲಾಗಿ. ಬಾಯಿ ಚೂರು ತೆರೆದಿತ್ತು. ಅವಳು ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಬೆಚ್ಚಗೆ ತಾಗಿತು. ಹೋಯಿತು. ಮತ್ತೆ ತಾಗಿತು.

ಕೋಣೆಯಿಂದ ಹೇಗೆ ಹೊರಗೆ ಬಂದಳೋ, ಮೊಗಸಾಲೆಯಲ್ಲಿ ಕುಸಿದು ಕೂತು ಬಾಯಿಗೆ ಕೈಯೊತ್ತಿ ಅಳತೊಡಗಿದಳು.

ಅವನು ಸ್ಕ್ರೂಡ್ರೈವರ್ ಹಿಡಿದೇ ಓಡಿ ಬಂದ. "ಏನಾಯ್ತು? ಅಮ್ಮನಿಗೆ...?"

"ಏನೂ ಆಗಿಲ್ಲ," ಅಂದಳು ಬಿಕ್ಕುತ್ತ. "ಮಲಗಿದ್ದಾಳೆ... ಮಲಗಿ ನಿದ್ದೆ ಮಾಡ್ತಿದ್ದಾಳೆ..."

ಅವನು ಗೋಡೆಗೊರಗಿ, ಅವಳಿಂದ ಒಂದು ಮಾರು ದೂರದಲ್ಲಿ ಕೂತ. ಅವನ ಕಣ್ಣೂ ತುಂಬಿತ್ತು. ಅವಳು ಕಣ್ಣೊರೆಸಿಕೊಂಡು ಪಿಸುದನಿಯಲ್ಲಿ ಮಾತಾಡಿದಳು.

"ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳಿ."

"ಅಮ್ಮ ಆವತ್ತು ಹೋಗಿಬಿಟ್ಟಿದ್ರೆ... ಅದು ನನ್ನಿಂದಲೇ ಆಗ್ತಿತ್ತಾ?"

ಅವನು ಅವಳ ಮುಖ ನೋಡಿದ. ಸುಳ್ಳು ನಾಲಿಗೆಯ ತುದಿವರೆಗೂ ಬಂದಿರಬೇಕು. ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟ.

"ಹೌದು," ಅಂದ. "ನಿಮ್ಮಿಂದ. ಮತ್ತೆ... ನನ್ನಿಂದ."

ಅವಳು ಕಣ್ಣು ಮುಚ್ಚಿಕೊಂಡಳು. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಆದರೆ ಎಷ್ಟೋ ತಿಂಗಳ ಮೇಲೆ ಎದೆಯೊಳಗಿಂದ ಪೂರ್ತಿ ಒಂದು ಉಸಿರು ಹೊರಗೆ ಬಂತು. ಇವನ ಮಾತನ್ನು ಇನ್ನು ನಂಬಬಹುದು.

ಅವಳು ಸರಿದು ಅವನ ಪಕ್ಕಕ್ಕೆ ಬಂದಳು. ಭುಜಕ್ಕೆ ಭುಜ ತಾಗಿತು. ಅವನ ಅಂಗಿಯ ಸುಣ್ಣ ಅವಳ ತೋಳಿಗೆ ಮೆತ್ತಿತು. ಅವಳು ಒರೆಸಿಕೊಳ್ಳಲಿಲ್ಲ.

"ಇನ್ನೇನಾದ್ರೂ ನಿಜ ಉಳಿದಿದ್ರೆ... ಅದನ್ನೂ ಹೇಳಿಬಿಡಿ."

"ನೀವಿಲ್ಲದೆ ಇರೋಕೆ ಆಗಲ್ಲ ನಂಗೆ. ಮದುವೆ ಆಗ್ತೀರಾ?" ಗಾಬರಿಯಲ್ಲಿ ಅವನ ದನಿ ತುಸು ಜೋರಾಯಿತು.

"ಶ್... ಮೆಲ್ಲಗೆ! ಅಮ್ಮ ಎದ್ದುಬಿಡ್ತಾಳೆ."

ಅವನು ಅವಳ ಕಿವಿಯ ಹತ್ತಿರ ಬಾಗಿದ.

"ನನ್ನ ಮದುವೆ ಆಗ್ತೀಯಾ?"

ಅವಳು ಕೋಣೆಯ ಕಡೆ ಕಿವಿಗೊಟ್ಟಳು. ಒಳಗೆ ಅಮ್ಮ ಉಸಿರಾಡುತ್ತಿದ್ದಳು. ಇನ್ನೂ ಒಂದು ಉಸಿರು ಕೇಳಿಸಿಕೊಂಡು, ಅವನಿಗಷ್ಟೇ ಕೇಳುವ ಹಾಗೆ ಅಂದಳು.

"ಹೂಂ."